ಎಂಜಿನ್ನನ್ನು ಹಿಡಿದು ನಿಲ್ಲಿಸುವ ನಾಲ್ಕು ಬೋಲ್ಟುಗಳು

ಎತ್ತಿನ ಗಾಡಿಯನ್ನು ಬಲ್ಲವರಿಗೆಲ್ಲ ಕಡಾಣಿಯ ಪರಿಚಯವುಂಟು. ಗೇಣುದ್ದವೂ ಇಲ್ಲದ ಆ ಕಬ್ಬಿಣದ ತುಂಡು ಅಚ್ಚಿನ ತುದಿಯಿಂದ ಜಾರಿತೆಂದರೆ ಗಾಲಿ ಕಳಚುತ್ತದೆ, ಗಾಡಿಯ ಮೇಲಿನ ಕಬ್ಬೆಲ್ಲ ರಸ್ತೆಯ ಪಾಲಾಗುತ್ತದೆ. ಯಂತ್ರಗಳ ಪ್ರಪಂಚದಲ್ಲಿ ಈ ಕಡಾಣಿಯ ಸ್ಥಾನವನ್ನು ವಹಿಸಿಕೊಂಡಿರುವುದು ಬೋಲ್ಟು. ಅದು ಸರಿಯಾಗಿರುವಷ್ಟು ದಿನ ಯಾರ ಕಣ್ಣಿಗೂ ಬೀಳುವುದಿಲ್ಲ. ಕೈಕೊಟ್ಟ ದಿನ ಮಾತ್ರ ಎಲ್ಲರೂ ಅದರ ಮಾತನ್ನೇ ಆಡುತ್ತಾರೆ.

ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳನ್ನು ಓದುವ ಅಂತಿಮ ಬಿ.ಎ. ವಿದ್ಯಾರ್ಥಿಗೆ ಬೋಲ್ಟಿನ ಗೊಡವೆ ಏಕೆಂದು ವಾಚಕರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ನಾನು ಮಳವಳ್ಳಿ ತಾಲ್ಲೂಕಿನ ಹಳ್ಳಿಯವನು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಮೊದಲಿಗ. ನಮ್ಮ ಚಿಕ್ಕಪ್ಪನವರು ಮದ್ದೂರಿನಲ್ಲಿ ಒಂದು ಸಣ್ಣ ಗ್ಯಾರೇಜು ಇಟ್ಟುಕೊಂಡಿದ್ದಾರೆ. ಮಂಡ್ಯದಲ್ಲಿ ತರಗತಿ ಇಲ್ಲದ ದಿನಗಳಲ್ಲಿ ನಾನು ಅಲ್ಲಿಗೆ ಹೋಗಿ ಲೆಕ್ಕ ಬರೆದುಕೊಡುವುದುಂಟು. ಕಳೆದ ವರ್ಷ ಅವರು ಕಾರಿನ ಎಂಜಿನ್ನನ್ನು ಬಿಚ್ಚಿ ಜೋಡಿಸಲು ಅನುಕೂಲವಾದ ಎಂಜಿನ್ ಸ್ಟ್ಯಾಂಡೊಂದನ್ನು ಕೊಂಡು ತಂದರು. ಸ್ಟ್ಯಾಂಡು ಬಂದಿತು, ಅದಕ್ಕೆ ಎಂಜಿನ್ನನ್ನು ಬಿಗಿಯುವ ಬೋಲ್ಟುಗಳು ಮಾತ್ರ ಬರಲಿಲ್ಲ. "ಏನ್ಲಾ ಮಗ, ಇಷ್ಟೊಂದು ಓದಿದ್ದೀಯಲ್ಲ, ಇದಕ್ಕೆ ಯಾವ ಬೋಲ್ಟು ಕೂರ್ತದೆ ಹೇಳು ನೋಡಾನ" ಎಂದು ಅವರು ಕೇಳಿದರು. ಅವರ ಅನುಭವವನ್ನೂ ನಾನು ಹುಡುಕಿ ಓದಿದ್ದನ್ನೂ ಕೂಡಿಸಿ ಈ ಲೇಖನವನ್ನು ಬರೆದಿದ್ದೇನೆ.

ಮೊದಲು ಸ್ಟ್ಯಾಂಡಿನ ಸ್ವರೂಪವನ್ನು ತಿಳಿಯಬೇಕು. ಚಕ್ರಗಳುಳ್ಳ ಕಬ್ಬಿಣದ ಪೀಠ. ಅದರ ಮೇಲೆ ಒಂದು ಕಂಬ. ಕಂಬದ ತಲೆಯಲ್ಲಿ ತಿರುಗುವ ಒಂದು ತಟ್ಟೆ. ತಟ್ಟೆಯಿಂದ ಚಾಚಿದ ನಾಲ್ಕು ತೋಳುಗಳು. ಪ್ರತಿ ತೋಳಿನ ತುದಿಯಲ್ಲಿ ಒಂದು ಕೊಳವೆ. ಎಂಜಿನ್ನಿನ ಹಿಂಭಾಗದಲ್ಲಿ ಗೇರ್‌ಬಾಕ್ಸು ಕೂರುವ ಮುಖವಿದೆಯಲ್ಲ, ಅಲ್ಲಿರುವ ರಂಧ್ರಗಳಿಗೆ ಈ ಕೊಳವೆಗಳ ಮೂಲಕ ನಾಲ್ಕು ಬೋಲ್ಟುಗಳನ್ನು ಹಾಯಿಸಿ ಬಿಗಿಯಬೇಕು. ಆಮೇಲೆ ಎಂಜಿನ್ನು ನೆಲ ಮುಟ್ಟದೆ ಗಾಳಿಯಲ್ಲಿ ನಿಲ್ಲುತ್ತದೆ. ಬೇಕಾದಂತೆ ತಲೆಕೆಳಗಾಗಿಯೂ ತಿರುಗಿಸಬಹುದು. ಕೆಳಗೆ ಗೋಣಿತಾಟು ಹಾಸಿ ಬೆನ್ನು ಬಗ್ಗಿಸಿ ದುಡಿಯುತ್ತಿದ್ದವರಿಗೆ ಇದೊಂದು ವರವೇ ಸರಿ.

ಆದರೆ ಆ ವರವೆಲ್ಲ ನಾಲ್ಕು ಬೋಲ್ಟುಗಳನ್ನು ನಂಬಿಕೊಂಡಿದೆ. ನಮ್ಮ ಜಿಲ್ಲೆಯ ಒಂದು ಗ್ಯಾರೇಜಿನಲ್ಲಿ ನಡೆದುದನ್ನು ಹೇಳುತ್ತೇನೆ, ಹೆಸರು ಬೇಡ. ಸ್ಟ್ಯಾಂಡಿಗೆ ಬಿಗಿದಿದ್ದ ಎಂಜಿನ್ನನ್ನು ಅರ್ಧ ಸುತ್ತು ತಿರುಗಿಸಿದೊಡನೆ ಮೇಲಿನ ಎರಡು ಬೋಲ್ಟುಗಳು ರಂಧ್ರದ ಏಣುಗಳನ್ನು ಕಿತ್ತುಕೊಂಡು ಹೊರಬಂದವು. ಎಂಜಿನ್ನು ವಾಲಿತು. ಅದನ್ನು ಹಿಡಿಯಲು ಹೋದ ಹುಡುಗನೊಬ್ಬನ ಎರಡು ಬೆರಳುಗಳು ಜಜ್ಜಿಹೋದವು. ಅವನಿಗೆ ಇನ್ನೂ ಹದಿನೆಂಟು ವರ್ಷ. ಬೋಲ್ಟುಗಳು ಮುರಿದಿರಲಿಲ್ಲ, ಬಗ್ಗಿಯೂ ಇರಲಿಲ್ಲ. ಅಂಗಡಿಯಿಂದ ತಂದಾಗ ಇದ್ದಂತೆಯೇ ನೆಲದ ಮೇಲೆ ಬಿದ್ದಿದ್ದವು. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಒಂದು ಸಣ್ಣ ಲೆಕ್ಕ ಹಾಕೋಣ. ಎಂಜಿನ್ನಿನ ತೂಕ 120 ಕಿಲೋ, ಅದರ ಭಾರದ ನಡುಬಿಂದು ತೋಳುಗಳಿಂದ 25 ಸೆಂಟಿಮೀಟರ್ ಮುಂದಕ್ಕಿದೆ ಎಂದಿಟ್ಟುಕೊಳ್ಳಿ. ಮೇಲಿನ ಮತ್ತು ಕೆಳಗಿನ ಬೋಲ್ಟುಗಳ ನಡುವೆ 20 ಸೆಂಟಿಮೀಟರ್ ಅಂತರವಿದ್ದರೆ, ಮುಂದಕ್ಕೆ ವಾಲುವ ಎಂಜಿನ್ನು ಮೇಲಿನ ಎರಡು ಬೋಲ್ಟುಗಳನ್ನು ಒಟ್ಟು 150 ಕಿಲೋ ಬಲದಿಂದ ಎಳೆಯುತ್ತದೆ. ಅಂದರೆ ಒಂದೊಂದಕ್ಕೆ 75 ಕಿಲೋ. ಹತ್ತು ಮಿಲಿಮೀಟರ್ ದಪ್ಪದ ಒಳ್ಳೆಯ ಬೋಲ್ಟು ಮೂರು ಸಾವಿರ ಕಿಲೋಗೂ ಮೀರಿದ ಎಳೆತವನ್ನು ತಡೆದುಕೊಳ್ಳಬಲ್ಲುದು. ಹಾಗಾದರೆ ಎಂಜಿನ್ನು ಬೀಳುವುದೇಕೆ? ಸಾಮಾನ್ಯವಾಗಿ ಕಬ್ಬಿಣಕ್ಕೆ ಶಕ್ತಿ ಸಾಲದೆ ಅಲ್ಲ, ಬೋಲ್ಟಿಗೂ ರಂಧ್ರಕ್ಕೂ ಹೊಂದಿಕೆ ಇಲ್ಲದೆ. ನೆಲದ ಮೇಲೆ ಸುಖವಾಗಿ ಬಿದ್ದಿದ್ದ ಆ ಎರಡು ಬೋಲ್ಟುಗಳು ಹೇಳುವುದೂ ಇದನ್ನೇ.

ಆದ್ದರಿಂದ ಸರಿಯಾದ ಬೋಲ್ಟನ್ನು ಹುಡುಕುವವನು ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ದಪ್ಪ ಎಷ್ಟು? ಏಣುಗಳ ಅಂತರ ಎಷ್ಟು? ಉದ್ದ ಎಷ್ಟು? ಗಟ್ಟಿತನ ಎಷ್ಟು? ಇವುಗಳಲ್ಲಿ ಮೊದಲನೆಯದನ್ನು ಎಲ್ಲರೂ ಕೇಳುತ್ತಾರೆ. ಎರಡನೆಯದನ್ನು ಕೇಳುವವರು ಕಡಮೆ. ಅಪಾಯವಿರುವುದೂ ಹೆಚ್ಚಾಗಿ ಅಲ್ಲಿಯೇ.

ಬೋಲ್ಟಿನ ಮೈಮೇಲೆ ಸುತ್ತಿಕೊಂಡು ಹೋಗುವ ಏಣನ್ನು ಗ್ಯಾರೇಜಿನಲ್ಲಿ ಥ್ರೆಡ್ಡು ಎನ್ನುತ್ತಾರೆ. ಕಾಗದವನ್ನು ತ್ರಿಕೋನವಾಗಿ ಕತ್ತರಿಸಿ ಪೆನ್ಸಿಲಿಗೆ ಸುತ್ತಿ ನೋಡಿ. ಅದರ ಓರೆ ಅಂಚು ಸುತ್ತುತ್ತ ಮೇಲಕ್ಕೆ ಹೋಗುತ್ತದೆ. ಥ್ರೆಡ್ಡು ಎಂಬುದು ಅಷ್ಟೆ. ಬೆಟ್ಟವನ್ನು ಸುತ್ತಿ ಹತ್ತುವ ದಾರಿಯಂತೆ. ಒಂದು ಸುತ್ತಿಗೂ ಅದರ ಮೇಲಿನ ಸುತ್ತಿಗೂ ಇರುವ ಅಂತರವೇ ಪಿಚ್ಚು. ಬೋಲ್ಟಿನ ಪಿಚ್ಚು ಮತ್ತು ರಂಧ್ರದ ಪಿಚ್ಚು ಒಂದೇ ಆಗಿದ್ದರೆ ಎರಡರ ಏಣುಗಳೂ ಪೂರ್ತಿ ಉದ್ದಕ್ಕೆ ಕೈ ಕೈ ಹಿಡಿದು ನಿಲ್ಲುತ್ತವೆ. ಬೇರೆಯಾಗಿದ್ದರೆ ಮೊದಲ ಎರಡು ಮೂರು ಸುತ್ತು ಹೇಗೋ ಒಳಗೆ ಹೋಗಿ, ಆಮೇಲೆ ಒಂದನ್ನೊಂದು ತುಳಿಯತೊಡಗುತ್ತವೆ. ಆಗ ಕೈಗೆ ಬಿಗಿಯಾದಂತೆ ತೋರುತ್ತದೆ. ಅದು ಸತ್ಯವಾದ ಬಿಗಿಯಲ್ಲ, ಬಿಗಿಯ ವೇಷ.

ಇಷ್ಟೊಂದು ಬಗೆಯ ಪಿಚ್ಚುಗಳು ಹುಟ್ಟಿದ್ದಾದರೂ ಹೇಗೆ? ಇಲ್ಲಿ ಇತಿಹಾಸದ ವಿದ್ಯಾರ್ಥಿಗೆ ಸ್ವಲ್ಪ ಅವಕಾಶ ಸಿಗುತ್ತದೆ. ಒಂದು ಕಾಲದಲ್ಲಿ ಪ್ರತಿ ಕಾರ್ಖಾನೆಯೂ ತನಗೆ ತೋಚಿದಂತೆ ಬೋಲ್ಟು ಮಾಡಿಕೊಳ್ಳುತ್ತಿತ್ತು. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ಎಂಬಾತನು ಹಲವು ಕಾರ್ಖಾನೆಗಳ ಬೋಲ್ಟುಗಳನ್ನು ತರಿಸಿ, ಅಳೆದು, ಸರಾಸರಿ ತೆಗೆದು, 1841ರಲ್ಲಿ ಒಂದು ಕ್ರಮವನ್ನು ಸೂಚಿಸಿದನು. ಏಣಿನ ಕೋನ 55 ಅಂಶ. ಪ್ರತಿ ದಪ್ಪಕ್ಕೂ ಅಂಗುಲಕ್ಕೆ ಇಂತಿಷ್ಟೇ ಸುತ್ತು. 1864ರಲ್ಲಿ ಅಮೆರಿಕದ ವಿಲಿಯಂ ಸೆಲ್ಲರ್ಸ್ ಮಾಡಲು ಸುಲಭವಾದ 60 ಅಂಶದ ಏಣನ್ನು ಮುಂದಿಟ್ಟನು. ಯೂರೋಪಿನ ಮೆಟ್ರಿಕ್ ದೇಶಗಳು 1898ರಲ್ಲಿ ಸ್ವಿಟ್ಸರ್ಲೆಂಡಿನ ಜ್ಯೂರಿಕ್ ನಗರದಲ್ಲಿ ಸಭೆ ಸೇರಿ ಮಿಲಿಮೀಟರ್ ಲೆಕ್ಕದ ಇನ್ನೊಂದು ಕ್ರಮವನ್ನು ಒಪ್ಪಿಕೊಂಡವು. ಹೀಗೆ ಮೂರು ದಾರಿಗಳಾದವು.

ಇದರ ಬೆಲೆಯನ್ನು ಜಗತ್ತು ತೆತ್ತಿದೆ. 1904ರ ಫೆಬ್ರವರಿಯಲ್ಲಿ ಅಮೆರಿಕದ ಬಾಲ್ಟಿಮೋರ್ ನಗರಕ್ಕೆ ಬೆಂಕಿ ಬಿದ್ದಾಗ ನೆರೆಯ ಊರುಗಳಿಂದ ಅಗ್ನಿಶಾಮಕ ದಳಗಳು ಧಾವಿಸಿ ಬಂದವು. ಆದರೆ ಅವುಗಳಲ್ಲಿ ಅನೇಕರ ನೀರಿನ ಕೊಳವೆಗಳ ತಿರುಪು ಬಾಲ್ಟಿಮೋರಿನ ನಲ್ಲಿಗಳ ತಿರುಪಿಗೆ ಹೊಂದಲಿಲ್ಲ. ನೀರಿತ್ತು, ಕೊಳವೆಯಿತ್ತು, ಜನರಿದ್ದರು. ಕೂಡಿಸುವ ಏಣು ಮಾತ್ರ ಬೇರೆಯಾಗಿತ್ತು. ಸಾವಿರದೈನೂರಕ್ಕೂ ಹೆಚ್ಚು ಕಟ್ಟಡಗಳು ಸುಟ್ಟುಹೋದವು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಬೋಲ್ಟು ಅಮೆರಿಕದ ಯಂತ್ರಕ್ಕೆ ಹೊಂದದೆ ಮಿತ್ರರಾಷ್ಟ್ರಗಳು ಪಟ್ಟ ತೊಂದರೆಯ ಫಲವಾಗಿ, 1948ರಲ್ಲಿ ಬ್ರಿಟನ್, ಅಮೆರಿಕ, ಕೆನಡಗಳು ಕೂಡಿ ಯೂನಿಫೈಡ್ ಎಂಬ ಒಂದೇ ಅಂಗುಲ ಕ್ರಮವನ್ನು ಒಪ್ಪಿಕೊಂಡವು. ಭಾರತವು 1956ರ ಅಳತೆ ತೂಕಗಳ ಕಾನೂನಿನ ಮೂಲಕ ಮೆಟ್ರಿಕ್ ಪದ್ಧತಿಯತ್ತ ತಿರುಗಿತು.

ಇನ್ನು ನಮ್ಮ ಸೀಮೆಗೆ ಬರೋಣ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾಯಿತು; ಮಂಡ್ಯದಲ್ಲಿ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಅಂದಿನಿಂದ ನಮ್ಮ ಜನ ಯಂತ್ರಗಳ ನೆರೆಹೊರೆಯಲ್ಲಿಯೇ ಬಾಳಿದ್ದಾರೆ. ಯಂತ್ರ ಯಾವ ದೇಶದ್ದೋ ಆ ದೇಶದ ಅಳತೆಯೂ ಅದರ ಜೊತೆಗೆ ಬರುತ್ತದೆ. ವಾಹನಗಳ ಕಥೆಯೂ ಇದೇ. ಮಹೀಂದ್ರ ಸಂಸ್ಥೆಯವರು 1940ರ ದಶಕದ ಕೊನೆಯಲ್ಲಿ ತಂದ ವಿಲ್ಲೀಸ್ ಜೀಪಿನ ಎಂಜಿನ್ನು ಅಮೆರಿಕದ ಅಂಗುಲದ್ದು. ಅಂಬಾಸಿಡರ್ ಕಾರು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನ ಕೂಸು, ಅದರದೂ ಅಂಗುಲವೇ. ಫಿಯೆಟ್ ವಂಶದ ಪ್ರೀಮಿಯರ್ ಪದ್ಮಿನಿ ಇಟಲಿಯ ಮೆಟ್ರಿಕ್. 1983ರಲ್ಲಿ ಜಪಾನಿನ ಸುಜುಕಿಯೊಡನೆ ಕೂಡಿ ಬಂದ ಮಾರುತಿಯೂ ಮೆಟ್ರಿಕ್; ಆದರೆ ಜಪಾನಿನವರಿಗೆ ಹಲವೆಡೆ ನುಣ್ಣನೆಯ ಪಿಚ್ಚೇ ಪ್ರಿಯ.

ಇಷ್ಟಕ್ಕೇ ಮುಗಿಯಲಿಲ್ಲ. ಮಹೀಂದ್ರದ ಜೀಪುಗಳಿಗೆ ಮುಂದೆ ಫ್ರಾನ್ಸಿನ ಪೆಜೊ ಮೂಲದ ಡೀಸೆಲ್ ಎಂಜಿನ್ನು ಬಂದಿತು. ಅಂಬಾಸಿಡರಿಗೆ 1990ರ ದಶಕದಲ್ಲಿ ಜಪಾನಿನ ಇಸುಜು ಮೂಲದ ಎಂಜಿನ್ನು ಬಂದಿತು. ಎರಡೂ ಮೆಟ್ರಿಕ್. ಅಂದರೆ ಒಂದೇ ಹೆಸರಿನ ಗಾಡಿಯಲ್ಲಿ ಎರಡು ದೇಶಗಳ ಅಳತೆ! ಅಂಬಾಸಿಡರಿನ ತಯಾರಿಕೆ 2014ರಲ್ಲಿ ನಿಂತುಹೋದರೂ, ಮೆರವಣಿಗೆಗೆಂದೋ ಅಭಿಮಾನಕ್ಕೆಂದೋ ಉಳಿಸಿಕೊಂಡವರು ನಮ್ಮ ಕಡೆಯಲ್ಲಿ ಇದ್ದಾರೆ. ಆದುದರಿಂದ ಗಾಡಿಯ ಹೆಸರನ್ನು ಕೇಳಿ ಬೋಲ್ಟು ಕೊಡುವ ಅಂಗಡಿಯವನನ್ನೂ, ಹೆಸರನ್ನು ಹೇಳಿ ಬೋಲ್ಟು ತರುವ ಹುಡುಗನನ್ನೂ ನಂಬುವಂತಿಲ್ಲ. ಗ್ಯಾರೇಜಿನ ಹಳೆಯ ಬೋಲ್ಟುಗಳ ಡಬ್ಬಿಯಲ್ಲಿ ಇಂಗ್ಲೆಂಡು, ಅಮೆರಿಕ, ಇಟಲಿ, ಜಪಾನುಗಳು ಒಟ್ಟಿಗೆ ಮಲಗಿವೆ. ಎಣ್ಣೆ ಕೊಳೆಯಲ್ಲಿ ಎಲ್ಲದರ ಬಣ್ಣವೂ ಒಂದೇ.

ಈ ಡಬ್ಬಿಯಲ್ಲಿ ಮೋಸಗಾರ ಜೋಡಿಗಳು ಕೆಲವಿವೆ. 5/16 ಅಂಗುಲವೆಂದರೆ 7.94 ಮಿಲಿಮೀಟರ್, ಎಂಟು ಮಿಲಿಮೀಟರಿನ ಬೋಲ್ಟಿನ ಪಕ್ಕದಲ್ಲಿಟ್ಟರೆ ಕಣ್ಣಿಗೆ ಭೇದವೇ ತಿಳಿಯದು. ಆದರೆ ಅಂಗುಲಕ್ಕೆ 18 ಸುತ್ತಿನ ಬೋಲ್ಟಿನ ಪಿಚ್ಚು 1.41 ಮಿಲಿಮೀಟರ್, ಮೆಟ್ರಿಕ್ ಬೋಲ್ಟಿನದು 1.25. ಅರ್ಧ ಅಂಗುಲದ ವಿಟ್‌ವರ್ತ್ ಬೋಲ್ಟಿಗೆ ಅಂಗುಲಕ್ಕೆ 12 ಸುತ್ತು, ಅದೇ ದಪ್ಪದ ಅಮೆರಿಕದ ಒರಟು ಥ್ರೆಡ್ಡಿಗೆ 13. ಎಲ್ಲಕ್ಕಿಂತ ಕಪಟಿ ಎಂದರೆ 3/8 ಅಂಗುಲದ್ದು. ಅದರ ದಪ್ಪ 9.5 ಮಿಲಿಮೀಟರ್, 16 ಸುತ್ತಿನ ಲೆಕ್ಕದಲ್ಲಿ ಪಿಚ್ಚು 1.59. ಹತ್ತು ಮಿಲಿಮೀಟರಿನ, 1.5 ಪಿಚ್ಚಿನ ರಂಧ್ರಕ್ಕೆ ಅದನ್ನು ಹಾಕಿದರೆ ಸಡಿಲವಾಗಿ ಒಳಗೆ ಹೋಗಿಯೇ ಹೋಗುತ್ತದೆ. ಏಣುಗಳ ತುದಿ ಮಾತ್ರ ತಾಗಿಕೊಂಡಿರುತ್ತದೆ. ಮುಂದೆ ಹೋದಂತೆ ಪಿಚ್ಚಿನ ಭೇದ ಕೂಡುತ್ತ ಕೂಡುತ್ತ ಬಿಗಿಯಾಗುತ್ತದೆ. ಕೆಲಸ ಆಯಿತೆಂದು ಸ್ಪ್ಯಾನರನ್ನು ಕೆಳಗಿಡುತ್ತಾರೆ. ಮೇಲೆ ಹೇಳಿದಂತಹ ಅನಾಹುತಕ್ಕೆ ದಾರಿಯಾಗುವುದು ಹೀಗೆಯೇ.

ಇದನ್ನು ತಪ್ಪಿಸಲು ದುಬಾರಿ ಸಾಧನ ಬೇಕಿಲ್ಲ. ಗೇರ್‌ಬಾಕ್ಸನ್ನು ಬಿಚ್ಚಿದಾಗ ಬಂದ ಮೂಲ ಬೋಲ್ಟುಗಳನ್ನು ಜೋಪಾನವಾಗಿ ತೆಗೆದಿಡಿ. ದಪ್ಪಕ್ಕೂ ಪಿಚ್ಚಿಗೂ ಅವೇ ಸಾಕ್ಷಿ. ದಪ್ಪವನ್ನು ವರ್ನಿಯರ್ ಮಾಪಕದಿಂದ ಏಣುಗಳ ನೆತ್ತಿಯ ಮೇಲೆ ಅಳೆಯಿರಿ. ಹತ್ತು ಮಿಲಿಮೀಟರಿನದು 9.8ರಷ್ಟು ತೋರಿದರೆ ಗಾಬರಿಯಾಗಬೇಡಿ, ಅದು ಸಹಜ. ಪಿಚ್ಚನ್ನು ನೋಡಲು ಥ್ರೆಡ್ ಗೇಜ್ ಎಂಬ ಹಲ್ಲುಗಳುಳ್ಳ ಎಲೆಗಳ ಕಟ್ಟು ಸಿಗುತ್ತದೆ. ಅದಿಲ್ಲದಿದ್ದರೆ ಬೋಲ್ಟಿಗೆ ಬಿಳಿ ಕಾಗದವನ್ನು ಒತ್ತಿ, ಮೂಡಿದ ಗೆರೆಗಳಲ್ಲಿ ಹತ್ತು ಅಂತರಗಳನ್ನು ಅಳತೆಪಟ್ಟಿಯಿಂದ ಅಳೆದು ಹತ್ತರಿಂದ ಭಾಗಿಸಿ. ಹದಿನೈದು ಮಿಲಿಮೀಟರ್ ಬಂದರೆ ಪಿಚ್ಚು 1.5, ಹನ್ನೆರಡೂವರೆ ಬಂದರೆ 1.25. ಇನ್ನೂ ಸುಲಭವಾದ ಉಪಾಯವೆಂದರೆ ಮೂಲ ಬೋಲ್ಟನ್ನೂ ಹೊಸ ಬೋಲ್ಟನ್ನೂ ಅಕ್ಕಪಕ್ಕ ಒತ್ತಿ ಹಿಡಿದು ಬೆಳಕಿಗೆ ತೋರಿಸುವುದು. ಎರಡರ ಏಣುಗಳೂ ಪೂರ್ತಿ ಉದ್ದಕ್ಕೆ ಒಂದರೊಳಗೊಂದು ಕುಳಿತು ಬೆಳಕು ನುಸುಳದಿದ್ದರೆ ಪಿಚ್ಚು ಒಂದೇ. ಕೊನೆಯ ಪರೀಕ್ಷೆ ಬೆರಳಿನದು. ರಂಧ್ರವನ್ನು ಶುಚಿಮಾಡಿ, ಒಂದು ತೊಟ್ಟು ಎಣ್ಣೆ ಬಿಟ್ಟು, ಬೋಲ್ಟನ್ನು ಬರಿಯ ಬೆರಳಿನಿಂದ ತಿರುಗಿಸಿ. ಆರೇಳು ಸುತ್ತು ಅಲುಗಾಟವಿಲ್ಲದೆ ಸಲೀಸಾಗಿ ಹೋಗಬೇಕು. ಎರಡು ಮೂರು ಸುತ್ತಿಗೇ ತಡೆದರೆ ಸ್ಪ್ಯಾನರ್ ಹಿಡಿಯಬಾರದು, ಬೋಲ್ಟನ್ನು ಹೊರತೆಗೆಯಬೇಕು.

ಮೂರನೆಯ ಪ್ರಶ್ನೆ ಉದ್ದದ್ದು. ಇಲ್ಲಿ ಮೂಲ ಬೋಲ್ಟು ನೆರವಿಗೆ ಬಾರದು, ಏಕೆಂದರೆ ತೋಳಿನ ಕೊಳವೆಯನ್ನು ದಾಟಿ ಹೋಗಲು ಅದು ಗಿಡ್ಡ. ಕೊಳವೆಯ ಉದ್ದ, ವಾಷರಿನ ದಪ್ಪ, ರಂಧ್ರದೊಳಗೆ ಕೂರಬೇಕಾದ ಭಾಗ, ಈ ಮೂರನ್ನು ಕೂಡಿಸಬೇಕು. ಎರಕದ ಕಬ್ಬಿಣದ ಎಂಜಿನ್ನಿನಲ್ಲಿ ಬೋಲ್ಟಿನ ದಪ್ಪದ ಒಂದೂವರೆ ಪಟ್ಟು ಒಳಗಿರಬೇಕು. ಅಲ್ಯೂಮಿನಿಯಮ್ ಮೆತ್ತನೆಯ ಲೋಹವಾದ್ದರಿಂದ ಎರಡು ಪಟ್ಟು ಇದ್ದರೆ ಕ್ಷೇಮ. ಉದಾಹರಣೆಗೆ, ಕೊಳವೆ 60, ವಾಷರ್ 3, ಹತ್ತರ ಬೋಲ್ಟಿಗೆ ಒಳಭಾಗ 15. ಒಟ್ಟು 78 ಮಿಲಿಮೀಟರ್. ಅಂಗಡಿಯಲ್ಲಿ 80ರದು ಸಿಗುತ್ತದೆ. ಆಗ ಒಳಗೆ 17 ಕೂರುತ್ತದೆ. ಕೊಳ್ಳುವ ಮೊದಲು ರಂಧ್ರದೊಳಗೆ ಸಣ್ಣ ತಂತಿಯನ್ನು ಇಳಿಸಿ ಆಳ ನೋಡಿಕೊಳ್ಳಬೇಕು. ರಂಧ್ರ ಇಷ್ಟು ಆಳವಿಲ್ಲದಿದ್ದರೆ ಬೋಲ್ಟು ತಳಕ್ಕೆ ಮುಟ್ಟಿ ನಿಲ್ಲುತ್ತದೆ. ಸ್ಪ್ಯಾನರಿಗೆ ಬಿಗಿಯೆನಿಸಿದರೂ ತೋಳು ಸಡಿಲವಾಗಿಯೇ ಉಳಿಯುತ್ತದೆ. ಇನ್ನೂ ಬಲ ಹಾಕಿದರೆ ಎಂಜಿನ್ನಿನ ಮೈಯೇ ಬಿರುಕು ಬಿಡಬಹುದು. ಬೋಲ್ಟು ಹೆಚ್ಚು ಉದ್ದವಾದರೆ ತಲೆಯ ಕೆಳಗೆ ಗಟ್ಟಿ ವಾಷರುಗಳನ್ನು ಹಾಕಿ ಸರಿಪಡಿಸಬಹುದು. ಗಿಡ್ಡವಾದರೆ ಮಾತ್ರ ಪರಿಹಾರವೇ ಇಲ್ಲ.

ನಾಲ್ಕನೆಯದು ಗಟ್ಟಿತನ. ಮೆಟ್ರಿಕ್ ಬೋಲ್ಟಿನ ತಲೆಯ ಮೇಲೆ 8.8 ಎಂದೋ 10.9 ಎಂದೋ ಅಚ್ಚಾಗಿರುತ್ತದೆ. ಇದು ಬೆಲೆಯೂ ಅಲ್ಲ, ಅಳತೆಯೂ ಅಲ್ಲ. ಮೊದಲ ಅಂಕಿಯನ್ನು ನೂರರಿಂದ ಗುಣಿಸಿದರೆ ಒಂದು ಚದರ ಮಿಲಿಮೀಟರ್ ಕಬ್ಬಿಣ ಹರಿಯುವ ಮುನ್ನ ಎಷ್ಟು ನ್ಯೂಟನ್ ಎಳೆತವನ್ನು ತಡೆಯುತ್ತದೆಂದು ತಿಳಿಯುತ್ತದೆ: 800. ಎರಡನೆಯ ಅಂಕಿ, ಅದರಲ್ಲಿ ಹತ್ತನೇ ಎಂಟು ಪಾಲು ಬಲದವರೆಗೆ, ಅಂದರೆ 640ರವರೆಗೆ, ಬೋಲ್ಟು ಶಾಶ್ವತವಾಗಿ ಹಿಗ್ಗುವುದಿಲ್ಲವೆಂದು ಹೇಳುತ್ತದೆ. ಅಂಗುಲದ ಬೋಲ್ಟಿನ ತಲೆಯಲ್ಲಿ ಅಂಕಿಗೆ ಬದಲು ಗೆರೆಗಳಿರುತ್ತವೆ. ಮೂರು ಗೆರೆ ಇದ್ದರೆ ಐದನೆಯ ದರ್ಜೆ, ಆರು ಗೆರೆ ಇದ್ದರೆ ಎಂಟನೆಯದು. ಅಂಗಡಿಯಲ್ಲಿ ಸುಮ್ಮನೆ ಬೋಲ್ಟು ಎಂದು ಕೇಳಿದರೆ ಗೇಟಿಗೂ ಕಿಟಕಿಗೂ ಹಾಕುವ ಮೆದು ಕಬ್ಬಿಣದ್ದನ್ನು ಕೊಟ್ಟಾರು. ಎಂಜಿನ್ನು ತಿರುಗುವಾಗ ಬೋಲ್ಟುಗಳಿಗೆ ಎಳೆತ ಮಾತ್ರವಲ್ಲದೆ ಬಾಗಿಸುವ ಬಲವೂ ಕುಲುಕಾಟವೂ ತಗಲುತ್ತವೆ. ಮೆದು ಕಬ್ಬಿಣ ಅದಕ್ಕೆ ಬಗ್ಗುತ್ತದೆ. "ಎಚ್.ಟಿ. ಬೋಲ್ಟು, 8.8" ಎಂದು ಬಾಯಿ ಬಿಟ್ಟು ಕೇಳಬೇಕು, ತಲೆಯ ಮೇಲಿನ ಅಚ್ಚನ್ನು ಕಣ್ಣಾರೆ ನೋಡಬೇಕು. ಉದ್ದ ಬೋಲ್ಟು ಸಿಗಲಿಲ್ಲವೆಂದು ಮಾಮೂಲು ಥ್ರೆಡ್ ರಾಡನ್ನು ಕತ್ತರಿಸಿ ಹಾಕುವುದು ಸರಿಯಲ್ಲ, ಏಕೆಂದರೆ ಅಂಗಡಿಗಳಲ್ಲಿ ಸಿಗುವ ಅಂಥ ರಾಡು ಹೆಚ್ಚಾಗಿ ಮೆದು ಕಬ್ಬಿಣದ್ದೇ.

ಮಂಡ್ಯ, ಮದ್ದೂರುಗಳ ಅಂಗಡಿಗಳಲ್ಲಿ ಸಾಮಾನ್ಯ ಪಿಚ್ಚಿನ ಮೆಟ್ರಿಕ್ ಬೋಲ್ಟುಗಳು ಸುಲಭವಾಗಿ ದೊರೆಯುತ್ತವೆ. ನುಣ್ಣನೆಯ ಪಿಚ್ಚಿನವು, ಅಂಗುಲದವು ಬೇಕಾದರೆ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲೋ ಎಸ್.ಪಿ. ರಸ್ತೆಯಲ್ಲೋ ಹುಡುಕಬೇಕಾಗುತ್ತದೆ. ಮದ್ದೂರಿನವನಿಗೆ ರೈಲುಂಟು, ಮಳವಳ್ಳಿಗೆ ಅದೂ ಇಲ್ಲ, ಬಸ್ಸೇ ಗತಿ. ಒಂದು ದಿನದ ಕೂಲಿಯೂ ಪ್ರಯಾಣದ ಖರ್ಚೂ ಸೇರಿದರೆ ನಾಲ್ಕು ಬೋಲ್ಟಿನ ಬೆಲೆ ಎಲ್ಲಿಗೋ ಹೋಗುತ್ತದೆ. "ಇರೋದರಲ್ಲೇ ಸುಧಾರಿಸು" ಎಂಬ ಮಾತು ಹುಟ್ಟುವುದು ಅಜ್ಞಾನದಿಂದಲ್ಲ, ಈ ಅರ್ಥಶಾಸ್ತ್ರದಿಂದ. ಆದ್ದರಿಂದ ಹೋಗುವವನು ಮೂಲ ಬೋಲ್ಟನ್ನು ಜೇಬಿನಲ್ಲಿಟ್ಟುಕೊಂಡು, ನಾಲ್ಕು ಅಳತೆಗಳನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಬೇಕು. ಎರಡು ಸಲ ಅಳೆದವನಿಗೆ ಎರಡು ಸಲ ಪ್ರಯಾಣವಿಲ್ಲ.

ಬೋಲ್ಟುಗಳು ದೊರೆತ ಮೇಲೆ ಬಿಗಿಯುವ ಕ್ರಮ ಹೀಗಿದೆ. ಎಂಜಿನ್ನು ಚೈನ್ ಬ್ಲಾಕಿನಲ್ಲಿ ತೂಗುತ್ತಿರುವಾಗಲೇ ಕ್ಲಚ್ಚನ್ನೂ ಫ್ಲೈವೀಲನ್ನೂ ಬಿಚ್ಚಬೇಕು. ನಾಲ್ಕು ತೋಳುಗಳನ್ನೂ ಆದಷ್ಟು ಅಗಲಕ್ಕೆ ಹರಡಿ, ನಾಲ್ಕು ಬೋಲ್ಟುಗಳನ್ನೂ ಮೊದಲು ಬೆರಳಿನಿಂದ, ಆಮೇಲೆ ಸ್ಪ್ಯಾನರಿನಿಂದ ಬಿಗಿಯಬೇಕು. ಮೂರು ಸಾಕೆನ್ನಬಾರದು. ತಟ್ಟೆ ತಿರುಗುವ ನಡುಬಿಂದುವೂ ಎಂಜಿನ್ನಿನ ಭಾರದ ನಡುವೂ ಆದಷ್ಟು ಒಂದೇ ನೇರದಲ್ಲಿರಬೇಕು. ಇಲ್ಲವಾದರೆ ತಿರುಗಿಸುವಾಗ ಎಂಜಿನ್ನು ಒಮ್ಮೆಗೇ ಉರುಳಿಕೊಳ್ಳುತ್ತದೆ. ಸ್ಟ್ಯಾಂಡಿನ ತಲೆಯನ್ನು ಎಂಜಿನ್ನಿಗೆ ಬಿಗಿದು, ಕಂಬದಲ್ಲಿ ಕೂರಿಸಿ, ಸರಪಳಿಯನ್ನು ಸ್ವಲ್ಪವೇ ಸಡಿಲಿಸಿ ಕಾದು ನೋಡಬೇಕು. ತೋಳು ಬಾಗಲಿಲ್ಲ, ಬೋಲ್ಟಿನ ತಲೆಯ ಕೆಳಗೆ ಸಂದು ಬಿಡಲಿಲ್ಲ ಎಂದು ಖಚಿತವಾದ ಮೇಲೆಯೇ ಸರಪಳಿಯನ್ನು ಬಿಚ್ಚುವುದು. ಮೊದಲ ಸಲ ತಿರುಗಿಸುವಾಗ ಯಾರ ಕೈಕಾಲುಗಳೂ ಎಂಜಿನ್ನಿನ ಕೆಳಗೆ ಇರಕೂಡದು. ವಾಲುವ ಎಂಜಿನ್ನನ್ನು ಹಿಡಿಯಲು ಎಂದಿಗೂ ಕೈ ಚಾಚಬಾರದು. ಕಬ್ಬಿಣ ಒಡೆದರೆ ಎರಕ ಹೊಯ್ಯಬಹುದು, ಬೆರಳಿಗೆ ಎರಕವಿಲ್ಲ.

ಈ ವಿಷಯಗಳೆಲ್ಲ ಕಠಿಣವಾದವುಗಳಲ್ಲ; ಪ್ರೌಢಶಾಲೆಯ ಗಣಿತ ಬಲ್ಲ ಯಾರಿಗೂ ಅರ್ಥವಾಗುವಂಥವು. ಆದರೆ ನಮ್ಮ ಗ್ಯಾರೇಜುಗಳಲ್ಲಿ ದುಡಿಯುವ ಹುಡುಗರಲ್ಲಿ ಎಷ್ಟೋ ಮಂದಿ ಶಾಲೆಯನ್ನು ಅರ್ಧಕ್ಕೆ ಬಿಟ್ಟವರು. ಅವರ ಕಿವಿಗೆ ಬೀಳುವುದು "ಹತ್ತರದ್ದು ತಗೊಂಡು ಬಾ" ಎಂಬ ಒಂದೇ ಮಾತು. ಹತ್ತರಲ್ಲಿ ಎಷ್ಟು ಬಗೆಯಿದೆ ಎಂದು ಅವರಿಗೆ ಅವರ ಭಾಷೆಯಲ್ಲಿ ಹೇಳಿದವರು ಅಪರೂಪ. ಮೇಸ್ತ್ರಿಗಳ ಬೆರಳಿಗೆ ಈ ಭೇದ ತಿಳಿದಿರುತ್ತದೆ; ಮಾತಿನಲ್ಲಿ ಹೇಳಲು ಅವರಿಗೆ ಬಿಡುವಿಲ್ಲ. ಪುಸ್ತಕದಲ್ಲಿ ಮಾತಿದೆ, ಗ್ಯಾರೇಜಿಗೆ ಪುಸ್ತಕ ಬರುವುದಿಲ್ಲ. ಇವೆರಡರ ನಡುವೆ ಓಡಾಡುವ ನಮ್ಮಂಥ ವಿದ್ಯಾರ್ಥಿಗಳು ಮಂಡ್ಯ, ಮದ್ದೂರು, ಮಳವಳ್ಳಿಗಳ ಮನೆಮನೆಯಲ್ಲೂ ಈಗ ಒಬ್ಬೊಬ್ಬರಿದ್ದೇವೆ. ತಂದೆಯೋ ಅಣ್ಣನೋ ದುಡಿಯುವ ಜಾಗದ ಗೋಡೆಯ ಮೇಲೆ ದಪ್ಪ, ಪಿಚ್ಚು, ಉದ್ದ, ಗಟ್ಟಿತನ ಎಂಬ ನಾಲ್ಕು ಕಲಮುಗಳ ಒಂದು ಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು ಅಂಟಿಸಲು ಒಂದು ಮಧ್ಯಾಹ್ನ ಸಾಕು. ಪ್ರತಿಯೊಂದು ಎಂಜಿನ್ನು ಬಿಚ್ಚಿದಾಗಲೂ ಅದರ ಅಳತೆಯನ್ನು ಆ ಪಟ್ಟಿಗೆ ಸೇರಿಸುತ್ತ ಹೋದರೆ, ಮುಂದಿನ ವರ್ಷ ಕೆಲಸಕ್ಕೆ ಸೇರುವ ಹುಡುಗನು ಡಬ್ಬಿಯೊಳಗೆ ಕೈ ಹಾಕುವ ಮೊದಲು ಗೋಡೆಯತ್ತ ಕಣ್ಣು ಹಾಯಿಸುತ್ತಾನೆ.